ಬೇಸ್ ಬೇಷ್ ಐತಿ

ಎಲ್ಲಾದರೂ ಕೆಂಪು ದೀಪ ಮಿಣುಕಿದರೆ ನನಗೆ ಖುಷಿ. ಅದು ಅಪಾಯದ ಸೂಚನೆ ಎಂಬುದು ಯಾವಾಗಲೂ ಸ್ವಲ್ಪ ತಡವಾಗಿ ಹೊಳೆಯುತ್ತದೆ. ನಿಪ್ಪಾಣಿ ರಸ್ತೆಯಲ್ಲಿ ಪೆಟ್ರೋಲ್ ಮುಗಿದ ಸ್ಕೂಟರನ್ನು ತಳ್ಳಿಕೊಂಡು ಹೋಗುವ ಕನ್ನಡ ಮಾಸ್ತರನನ್ನು ನೀವು ಕಂಡಿದ್ದರೆ, ಅದು ನಾನೇ.

ಮೊನ್ನೆ ತಮ್ಮನ ಮಗಳ ನಾಮಕರಣವಿತ್ತು. ಹಿಂದೆ ನಮ್ಮ ಅಕ್ಕೋಳದಲ್ಲಿ ನಾಮಕರಣವೆಂದರೆ ಒಂದು ತೊಟ್ಟಿಲು, ಒಂದು ಜೋಗುಳ, ಒಂದು ಬುಟ್ಟಿ ಗುಗ್ಗರಿ. ಈಗ ಎದೆಯೊಳಗೆ ಯಾರೋ ಒನಕೆ ಕುಟ್ಟಿದಂತಾಗದಿದ್ದರೆ ಕಾರ್ಯಕ್ರಮ ನಡೆದೇ ಇಲ್ಲ ಎಂದು ಲೆಕ್ಕ. ಯಾವ ಹಾಡು ಎಂದು ಯಾರೂ ವಿಚಾರಿಸುವುದಿಲ್ಲ, "ಎಷ್ಟ ಬೇಸ್ ತರಿಸೀರಿ?" ಎಂದು ವಿಚಾರಿಸುತ್ತಾರೆ. ಬೇಸ್ ಎಂದರೆ ಕಪಾಟಿನಷ್ಟು ದೊಡ್ಡ ಕರಿಯ ಪೆಟ್ಟಿಗೆ. ಅದರ ಕೆಲಸ ಹಾಡುವುದಲ್ಲ, ಗುದ್ದುವುದು. ಬೋರಗಾಂವದ ಬೀಗರು ತಮ್ಮ ಕಾರ್ಯಕ್ರಮಕ್ಕೆ ಎರಡು ತರಿಸಿದ್ದರು. ಆದ್ದರಿಂದ ನಮಗೆ ನಾಲ್ಕು ಬೇಕಾದವು.

ಸೌಂಡಿನ ಮಾಲಕ ಸಾಗರ ನನ್ನ ಹಳೆಯ ವಿದ್ಯಾರ್ಥಿ. ಪೆಟ್ಟಿಗೆ ಇಳಿಸುತ್ತಲೇ ನನಗೆ ಪಾಠ ಶುರುಮಾಡಿದ. "ಸರ್, ಬೇಸಿಗಿಂತ ಆಂಪ್ಲಿಫೈಯರ್‌ದಾಗ ತಾಕತ್ತ ಹೆಚ್ಚ ಇರಬೇಕ್ರಿ. ಸಣ್ಣ ಟ್ರ್ಯಾಕ್ಟರಿಗೆ ಎರಡ ಟ್ರೇಲರ್ ಕಬ್ಬ ಹಚ್ಚಿದ್ರ ಏನಾಗ್ತೈತಿ ಹೇಳ್ರಿ? ಹಂಗ." ಇಷ್ಟು ಹೇಳಿ ನಾಲ್ಕೂ ಬೇಸಿನ ವೈರನ್ನು ಒಂದೇ ಆಂಪ್ಲಿಫೈಯರಿಗೆ ಸಿಕ್ಕಿಸಿದ. ಇನ್ನೊಂದು ಎಲ್ಲಿ ಎಂದೆ. "ರಾಯಬಾಗಕ್ಕ ಹೋಗೈತ್ರಿ. ಅಲ್ಲಿ ಪುಢಾರಿ ಬರಾಕತ್ತಾರ." ಉಪದೇಶಕ್ಕೂ ಆಚರಣೆಗೂ ನಡುವೆ ಇಷ್ಟು ಅಂತರ ಕಾಯ್ದುಕೊಳ್ಳುವುದನ್ನು ಅವನು ನನ್ನ ತರಗತಿಯಲ್ಲೇ ಕಲಿತಿರಬೇಕು. ಹಾಡು ಶುರುವಾದದ್ದೇ ಆಂಪ್ಲಿಫೈಯರಿನ ಮುಖದ ಮೇಲೆ ಕೆಂಪು ದೀಪ ಮಿಣುಕತೊಡಗಿತು. "ಲೈಟಿಂಗ್ ಛಲೋ ಐತೋ" ಎಂದು ನಾನು ಮೆಚ್ಚಿದೆ.

ನಮ್ಮಲ್ಲಿ ಕೂಸಿಗೆ ಹೆಸರಿಡುವವಳು ಸೋದರತ್ತೆ. ಅವಳು ತೊಟ್ಟಿಲಿಗೆ ಬಗ್ಗಿ, ಕಿವಿಯಲ್ಲಿ 'ಕುರ್ರ್' ಎಂದು ಊದಿ ಹೆಸರು ಉಸುರಬೇಕು. ಉಸುರಿದ ಕೂಡಲೇ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಇಲ್ಲಿ ಸೋದರತ್ತೆ ಎಂದರೆ ನನ್ನ ತಂಗಿ ಸುರೇಖಾ. ಅವಳಿಗೆ ಮಕ್ಕಳಿಲ್ಲ. ತನಗೆ ಹುಟ್ಟಬೇಕಾಗಿದ್ದ ಮಗಳಿಗೆಂದು ಎಷ್ಟೋ ವರ್ಷ ಕಾಯ್ದಿಟ್ಟ ಹೆಸರನ್ನು ಈ ಕೂಸಿಗೆ ಕೊಡಲು ಬಂದಿದ್ದಳು: ಇಂಚರ. ಇಂಪಾದ ಸಣ್ಣ ದನಿ ಎಂದು ಅದರ ಅರ್ಥ. ಆದರೆ ನಮ್ಮೂರಲ್ಲಿ ಮೊದಲು ಕಿವಿಗೆ ಬಿದ್ದ ಹೆಸರೇ ಕಾಯಂ. ಅಪ್ಪ ನನಗಿಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಸುಖವಾಗಿದೆ. ಮೀಸೆ ನರೆತರೂ ಊರಿಗೆ ನಾನು ಬಂಡ್ಯಾನೇ.

ಸುರೇಖಾ ತೊಟ್ಟಿಲಿಗೆ ಬಗ್ಗಿದಳು. ಅದೇ ಹೊತ್ತಿಗೆ ಸಾಗರ, ಮುಂದಿನ ಕುರ್ಚಿಯಲ್ಲಿದ್ದ ನಮ್ಮ ಅವ್ವನತ್ತ ತಿರುಗಿ, "ಆಯಿ, ಬೇಸ್ ಹೆಂಗೈತ್ರಿ?" ಎಂದು ಕೂಗಿದ. ಅವ್ವನಿಗೆ ಬೇಸ್ ಗೊತ್ತಿಲ್ಲ, ಬೇಷ್ ಗೊತ್ತು. ಊಟ ಹೇಗಿದೆ, ಸೊಸೆ ಹೇಗಿದ್ದಾಳೆ, ಯಾರು ಏನು ಕೇಳಿದರೂ ಅವಳದು ಅದೊಂದೇ ಉತ್ತರ. "ಬೇಷ್ ಐತಿ ಬಾಳಾ, ಬೇಷ್!" ಎಂದು ಕೈಯೆತ್ತಿದಳು; ಬಾಳಾ ಎಂದರೆ ಮಗು, ಅವಳಿಗೆ ಎಲ್ಲರೂ ಬಾಳಾ. ಆಯಿಗೆ ಇನ್ನಷ್ಟು ಬೇಸ್ ಬೇಕಾಗಿದೆ ಎಂದುಕೊಂಡು ಸಾಗರ ಗುಂಡಿ ತಿರುಗಿಸಿದ. ಮತ್ತೆ ಕೇಳಿದ, ಮತ್ತೆ ಬೇಷ್, ಮತ್ತೆ ತಿರುಗಿಸಿದ. ಈ ಬೇಷ್ ಎನ್ನುವುದು ಪಾರಸಿಯಿಂದ ಬಂದ ಮಾತು; ಮೂಲದಲ್ಲಿ ಅದರ ಅರ್ಥ 'ಇನ್ನೂ ಹೆಚ್ಚು'. ಅಂದರೆ ಅಂದು ಇಡೀ ಅಕ್ಕೋಳದಲ್ಲಿ ಆ ಶಬ್ದವನ್ನು ಸರಿಯಾಗಿ ತಿಳಿದುಕೊಂಡವನು ಸಾಗರನೊಬ್ಬನೇ. ಕನ್ನಡದಲ್ಲಿ ಅವನನ್ನು ನಾನು ಸುಮ್ಮನೆ ಫೇಲು ಮಾಡಿದ್ದೆ.

ತೊಟ್ಟಿಲ ಸರಪಳಿ ಗಲಗಲ ಎಂದಿತು. ಬುಟ್ಟಿಯ ಗುಗ್ಗರಿ ಕುಣಿಯಿತು. ಸುರೇಖಾ ಕಿವಿಯಲ್ಲಿ ಹೆಸರು ಹೇಳಿ, ಪಕ್ಕದವರು "ಏನಂದಿ?" ಎಂದದ್ದಕ್ಕೆ ಅವರಿಗೂ ಹೇಳಿದಳು. ಹೆಸರು ಬೇಸನ್ನು ದಾಟಿ ಹಿಂದಿನ ಸಾಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಬೇರೆಯೇ ಆಗಿತ್ತು.

"ಪಂಚರ್ ಅಂತ!"

"ಯಾರ ಗಾಡೀದ ಬೇ?"

"ಗಾಡೀದಲ್ಲಾ, ಕೂಸಿನ ಹೆಸರ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ತಂಗಿಯ ಮುಖ ನೋಡಿದೆ. ಕಣ್ಣು ತುಂಬಿದ್ದವು. ಮಗಳಿಗೆಂದು ಕಾಯ್ದಿಟ್ಟ ಹೆಸರು ಅವಳ ಕಣ್ಣೆದುರಿಗೇ ಹಾಳಾಗುತ್ತಿತ್ತು, ನಾನು ಹಲ್ಲು ಕಿಸಿಯುತ್ತ ನಿಂತಿದ್ದೆ.

ಸುರೇಖಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಎರಡೂ ಅಂಗೈಗಳಿಂದ ಕೂಸಿನ ಕಿವಿಗಳನ್ನು ಮುಚ್ಚಿದಳು. ಜನರ ಕಡೆ ತಿರುಗಿ, ಎದೆ ತುಂಬ ಉಸಿರೆಳೆದುಕೊಂಡು ಬಾಯಿ ತೆರೆದಳು. ಅಷ್ಟರಲ್ಲಿ ನನ್ನ ಮೆಚ್ಚಿನ ಕೆಂಪು ದೀಪ ಮಿಣುಕುವುದನ್ನು ಬಿಟ್ಟು ಒಂದೇ ಸಮನೆ ಉರಿಯಿತು, ನಾಲ್ಕೂ ಬೇಸ್ ಒಟ್ಟಿಗೇ ಬಾಯಿ ಮುಚ್ಚಿದವು.

"ಇಂಚರಾ!"

ಓಣಿಗೆ ಓಣಿಯೇ ಕೇಳಿಸಿಕೊಂಡಿತು. ಆಚೆ ಕಬ್ಬು ಕಡಿಯುತ್ತಿದ್ದವರೂ ತಿರುಗಿ ನೋಡಿದರಂತೆ. ಹೆಂಗಸರಿಗೆ ಆಗ ತಮ್ಮ ಕೆಲಸ ನೆನಪಾಯಿತು. ಸುರೇಖಾಳ ಬೆನ್ನ ಮೇಲೆ ಗುದ್ದುಗಳು ಬಿದ್ದವು, ದಬ್, ದಬ್, ದಬ್. ಅವಳು ತೊಟ್ಟಿಲು ಹಿಡಿದುಕೊಂಡು ಅಳುತ್ತ ನಗುತ್ತಿದ್ದಳು.

ಸಾಗರ ಸುಟ್ಟ ವಾಸನೆ ಬರುತ್ತಿದ್ದ ಆಂಪ್ಲಿಫೈಯರಿನ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಇಷ್ಟು ಹೊತ್ತು ತನ್ನನ್ನು ವಿಚಾರಿಸಿಕೊಂಡವನನ್ನು ತಾನೂ ಒಮ್ಮೆ ವಿಚಾರಿಸಬೇಡವೇ ಎಂದು ಅವ್ವ ಅವನತ್ತ ಬಾಗಿದಳು.

"ನೀ ಬೇಷ್ ಅದೀಯಿಲ್ಲೊ, ಬಾಳಾ?"

ಗುದ್ದುಗಳು ಇನ್ನೂ ಬೀಳುತ್ತಲೇ ಇದ್ದವು. ಸಾಗರ ಒಂದು ಗಳಿಗೆ ಅತ್ತ ಕಿವಿಗೊಟ್ಟ.

"ಬೇಸ್ ಐತ್ರಿ, ಆಯಿ," ಎಂದ.