ಕಿತ್ತಳೆ ವಾಸನೆಯ ಮಾಸ್ಕ್

ಮೊನ್ನೆ ಕೋಲ್ಕತ್ತದ ಬಾಲಿಗಂಜ್ ಮಾರ್ಕೆಟ್ಟಿನಲ್ಲಿ ಅಂಗಡಿಯವನು ಕೇಕಿಗೆ ಹಾಕುವ ಕಿತ್ತಳೆ ಎಸೆನ್ಸಿನ ಮುಚ್ಚಳ ತೆಗೆದು ಮೂಗಿಗೆ ಹಿಡಿದ. ಮಕ್ಕಳ ವಾರ್ಡಿನ ಆ ನರ್ಸ್ ದೀದಿ ಕಣ್ಣೆದುರು ಬಂದು ನಿಂತರು... ದಪ್ಪ ಕನ್ನಡಕ, ಹರಿತವಾದ ನಾಲಿಗೆ.

ಆರು ವರ್ಷದ ಹಿಂದಿನ ಮಾತು. ಮಗಳಿಗೆ ಆಗ ಐದು, ಹರ್ನಿಯಾ ಆಪರೇಷನ್ ಆಗಬೇಕಿತ್ತು. ಅವಳಿಗೆ ಮಾತ್ರ "ಹೊಟ್ಟೆಯ ಫೋಟೋ ತೆಗೀತಾರೆ" ಎಂದು ಸುಳ್ಳು ಹೇಳಿ ಕರೆತಂದಿದ್ದೆವು. ಬ್ಯಾಂಕಿನ ವರ್ಗಾವಣೆಯಲ್ಲಿ ಉಡುಪಿಯಿಂದ ಕೋಲ್ಕತ್ತಕ್ಕೆ ಬಂದವರು ನಾವು. ಮಗಳು ಜಗಳವಾಡುವುದು ಬಂಗಾಳಿಯಲ್ಲಿ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಇವಳಿಗೇನು ತಿಳಿಯುತ್ತದೆ ಎಂದುಕೊಂಡು ಹೆದರಿಕೆಯನ್ನೆಲ್ಲ ಅವಳೆದುರೇ ಕನ್ನಡದಲ್ಲಿ ಹೇಳಿಕೊಂಡೆವು. "ಮದ್ದು ಕೊಟ್ಟ ಮೇಲೆ ಏಳದಿದ್ರೆ ಎಂತ ಮಾಡುದು ಮಾರಾಯ್ರೆ?" ಎಂದಿದ್ದಳು ಹೆಂಡತಿ. ಮಹಾ ಬುದ್ಧಿವಂತನಾದ ನಾನು "ಮೆಲ್ಲಗೆ" ಎಂದೂ ಹೇಳಲಿಲ್ಲ.

ಸಂಜೆ ಮಗಳು ಮಂಚದ ಕಂಬಿ ಹಿಡಿದು ಕಿರುಚತೊಡಗಿದಳು. ಹತ್ತಿರ ಹೋದವರಿಗೆಲ್ಲ ಒದೆ. ದೀದಿ ಬಂದು ನೆಲದ ಮೇಲೆ ಕೂತು, ಬಂಗಾಳಿಯಲ್ಲಿ ಏನೇನೋ ಕೇಳಿದರು. ಆಮೇಲೆ ನನ್ನತ್ತ ತಿರುಗಿ, "ಮಲಗಿದರೆ ಏಳುವುದಿಲ್ಲವಂತೆ. ಅಮ್ಮ ಹೇಳಿದ್ದಂತೆ" ಎಂದರು ಹಿಂದಿಯಲ್ಲಿ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವರು ನಿದ್ದೆಯ ಮದ್ದು ಕೊಡುವ ಒಂದು ಮಾಸ್ಕ್ ತಂದು, ಒಳಗೆ ಕಿತ್ತಳೆ ಎಸೆನ್ಸ್ ಒರೆಸಿ ಮಗಳ ಕೈಗಿತ್ತರು. "ಅಪ್ಪ ಪೇಷೆಂಟ್, ನೀನು ಡಾಕ್ಟರ್." ಬ್ರಾಂಚ್ ಮ್ಯಾನೇಜರನಾದ ನಾನು ಮಕ್ಕಳ ಮಂಚದಲ್ಲಿ ಮೊಣಕಾಲು ಮಡಚಿ ಮಲಗಿದೆ. ಅವಳು ಎಷ್ಟು ಸಲ ಮಲಗಿಸಿದಳೋ, ಎಷ್ಟು ಸಲ ಎಬ್ಬಿಸಿದಳೋ... ನಡುವೆ ದೀದಿ ನಿಜವನ್ನೆಲ್ಲ ಹೇಳಿದರು. ನಾಳೆಯ ನಿದ್ದೆ ಇದಕ್ಕಿಂತ ಗಟ್ಟಿ, ಎದ್ದ ಮೇಲೆ ಹೊಟ್ಟೆ ಸ್ವಲ್ಪ ನೋಯುತ್ತದೆ, ಆದರೆ ನೀನು ಏಳುವವರೆಗೆ ಒಬ್ಬ ಡಾಕ್ಟರ್ ಪಕ್ಕದಿಂದ ಕದಲುವುದಿಲ್ಲ, ಅವರ ಕೆಲಸವೇ ಅದು ಎಂದರು. ಮಗಳು ಕಣ್ಣರಳಿಸಿ ಕೇಳಿದಳು.

ಬೆಳಿಗ್ಗೆ ಎತ್ತಿಕೊಳ್ಳಲು ಹೋದರೆ ಬಿಡಲಿಲ್ಲ. ಒಂದು ಕೈಯಲ್ಲಿ ಮಾಸ್ಕ್, ಇನ್ನೊಂದರಲ್ಲಿ ದೀದಿಯ ಬೆರಳು. ಥಿಯೇಟರಿನ ಬಾಗಿಲು ದಾಟಿ ತಾನೇ ನಡೆದು ಹೋದಳು ನನ್ನ ಮಗಳು! ಅಳುತ್ತಿದ್ದವರು ನಾವಿಬ್ಬರೇ. ಎಚ್ಚರವಾದಾಗ ಅವಳ ಮೊದಲ ಮಾತು ಅಚ್ಚ ಕನ್ನಡದಲ್ಲಿತ್ತು: "ಅಮ್ಮ, ನಾನು ಎದ್ದೆ ನೋಡು." ಅಂಥ ಹೆಮ್ಮೆ ನನಗೆ ಮತ್ತೆಂದೂ ಆಗಿಲ್ಲ.

ದೀದಿಯನ್ನು ನೋಡಿ ಬರುತ್ತೇನೆಂದು ಮನೆಗೆ ಫೋನ್ ಮಾಡಿ, ಮಾರ್ಕೆಟ್ಟಿನಿಂದ ಸೀದಾ ಆಸ್ಪತ್ರೆಗೆ ಹೋದೆ. ದೀದಿ ಕಣ್ಣು ಮುಚ್ಚಿ ಎರಡು ವರ್ಷವಾಯಿತು ಎಂದರು ವಾರ್ಡಿನವರು. ಒಂದು ಥ್ಯಾಂಕ್ಸನ್ನೂ ನೆಟ್ಟಗೆ ಹೇಳಿರಲಿಲ್ಲವಲ್ಲ ಎಂದು ಸಂಕಟವಾಯಿತು.

ಮನೆಯಲ್ಲಿ ಮಗಳು, "ದೀದಿ ಸಿಕ್ಕಿದ್ರಾ ಅಪ್ಪ?" ಎಂದಳು. ಊರಿಗೆ ಹೋಗಿದ್ದಾರಂತೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಅವಳ ಪಕ್ಕ ನೆಲದ ಮೇಲೆ ಕೂತೆ.

"ದೀದಿ ತೀರಿಕೊಂಡಿದ್ದಾರೆ ಮಗಾ" ಎಂದೆ.