ಪಿನ್ನು ಹಾಕಿದ ಎಡಗೈ

ನನ್ನ ಮೊಮ್ಮಗಳು ಈಗ ಎರಡೂ ಕೈಲೆ ನನ್ನ ಕೂದಲ ಜಗ್ಗತಾಳ. ಜಗ್ಗಲಿ, ಕಿತ್ತು ಕೈಗೆ ಬಂದ್ರೂ ಬರ್ಲಿ! ಆ ಎಡಗೈ ಏಳತದೋ ಇಲ್ಲೋ ಅಂತ ಬರೇ ನೋಡಕೋತ ಕುಂತ ದಿನ ಇನ್ನೂ ನನ್ನ ಕಣ್ಣಾಗ ಅದಾವ.

ಮಗಳು ಶಹಾಪುರದ ದವಾಖಾನಿಯೊಳಗ ಹಡದಿದ್ಳು. ಕೂಸು ದೊಡ್ಡದು, ಹೆರಿಗಿ ಭಾಳ ತ್ರಾಸಾಗಿತ್ತು. ಹೊಕ್ಕಳ ಬಳ್ಳಿ ಬೀಳೋತನಕ, ಹತ್ತು ದಿನ, ಒದ್ದಿ ಅರಿವಿಲೆ ಒರಸಿ ಬಿಗಿ ಸುತ್ತಿ ಮಲಗಿಸಿದ್ವಿ. ಬಳ್ಳಿ ಬಿದ್ದ ಮರುದಿನ ನಾನು ಕಾಲು ಚಾಚಿ ಕುಂತು, ಕಾಲ ಮ್ಯಾಲ ಕೂಸಿನ್ನ ಮಲಗಿಸಿ, ಎಣ್ಣಿ ಹಚ್ಚಿ ಎರದೆ. ನಮ್ಮಲ್ಲಿ ಎರಿಯೋದಂದ್ರ ಬರೇ ನೀರು ಹಾಕೋದಲ್ಲ, ಎರಡೂ ಕೈ ಎದಿ ಮ್ಯಾಲ ಕತ್ತರಿ ಹಾಕಿ ಜಗ್ಗಬೇಕು. ಜಗ್ಗಿದೆ. ಕೂಸು ಉಸಿರು ಕಟ್ಟಿ ಚೀರಿತು. ಆಮ್ಯಾಲ ನೋಡಿದ್ರ ಬಲಗೈ ಬಡೀತದ, ಎಡಗೈ ಬಿದ್ದಲ್ಲೇ ಬಿದ್ದದ.

ಮೊಮ್ಮಗಳನ್ನ ನೋಡಾಕ ಹುಣಸಗಿಯಿಂದ ಬಂದಿದ್ದ ಬೀಗತಿ ಅಲ್ಲೇ ಇದ್ಲು. "ಕಾಲುವಿ ನೀರು ಬಂದಾಗಿಂದ ಭತ್ತದ ಸಿವುಡು ಬಿಗದ ಕೈ ನಿನ್ನವು. ಕೂಸಿಗೂ ಹಂಗಽ ಬಿಗದಿಯೇನ ಯಕ್ಕಾ?" ಅಂದ್ಲು. ನಾನು ಕೂಸಿನ್ನ ಅರಿವ್ಯಾಗ ಸುತ್ತಿ ಎದ್ದೆ.

ಅವತ್ತಽ ಬೀಗತಿ ನಾನು ಕೂಡಿ ಯಾದಗಿರಿ ದವಾಖಾನಿಗೆ ಒಯ್ದ್ವಿ. ಡಾಕ್ಟರು ಕೊರಳ ಬುಡದಾಗ ಬೆರಳಾಡಿಸಿ, "ಇಲ್ಲಿ ಎಲುಬು ಮುರದದ. ಎಕ್ಸ್‌ರೇ ತಗಸ್ರಿ" ಅಂದ್ರು. ಫೋಟೋ ಬಂತು. ಬಾಜೂಕ ಕಂಪ್ಯೂಟರ್ ಮುಂದ ಕುಂತ ಹುಡುಗಿ, "ಸರ, ಬರೇ ಎಲುಬು ಮುರದದ ಅಂತ ಬರದ್ರ ನಡ್ಯಾಂಗಿಲ್ಲ. ಎಡಕೋ ಬಲಕೋ? ಹುಟ್ಟುವಾಗ ಮುರದದ್ದೋ, ಆಮ್ಯಾಲೋ? ಒಂದೊಂದಕ್ಕ ಕಂಪ್ಯೂಟರಿನ್ಯಾಗ ಬ್ಯಾರೆ ನಂಬರ್ ಅದ" ಅಂತ ಕೇಳಿ, ನನ್ನ ಕಡೆ ತಿರುಗಿದ್ಲು. "ಹೆಂಗಾತು ಅಮ್ಮಾ?"

"ನಾನಽ ಎರದೆ ನೋಡವ್ವಾ" ಅಂದೆ.

ಟಪಟಪ ಬಡಿಯಾಕತ್ತಿದ್ಳು. ಸಾಲ್ಯಾಗ ಎರಡನೇ ಇಯತ್ತೆ ಕಲ್ತಾಕಿ ನಾನು, ಅಲ್ಲಿ ಏನು ಬೀಳಾಕತ್ತದೋ ತಿಳೀಲಿಲ್ಲ. ಅಜ್ಜಿ ಮುರದಾಳ ಅಂತ ಬಿದ್ರ ಮಗಳ ಮಾರಿ ಹೆಂಗ ನೋಡಲಿ? ಸೆರಗಿನ್ಯಾಗ ಕೈ ಮುಚ್ಚಿಕೊಂಡು ನಿಂತೆ.

"ತಡಿಯವ್ವಾ, ಬರೀಬ್ಯಾಡ" ಅಂದ್ರು ಡಾಕ್ಟರು. ಫೋಟೋ ಬೆಳಕಿಗೆ ಹಿಡಿದು, "ಮುರದ ಜಾಗದಾಗ ಹೊಸ ಎಲುಬು ಗಂಟು ಕಟ್ಟ್ಯದ. ಇವತ್ತು ಮುರದಿದ್ರ ಇಷ್ಟು ಲಗೂನ ಕಟ್ಟಾಂಗಿಲ್ಲ. ಹುಟ್ಟುವಾಗ ಹೆಗಲು ಸಿಕ್ಕೊಂಡು ಮುರದದ. ಎಡಕ. ಹಂಗಽ ಬರಿ."

ನನಗ ಆ ಫೋಟೋದಾಗ ಬರೇ ಹೊಗಿ ಕಂಡಿತು. ಬೀಗತಿ ಕೂಸಿನ ಗಲ್ಲ ಹಿಡಿದು, "ಇದನ್ನ ಮೊದಲಽ ಹೇಳಾಕ ಏನಾಗಿತ್ತ ನಿನಗ?" ಅಂದ್ಲು. ನಗು ಬರಬೇಕಿತ್ತು, ಅಳು ಬಂತು.

ಮದ್ದು ಅಂದ್ರ ಇಷ್ಟಽ: ಅಂಗಿಯ ಎಡ ತೋಳನ್ನ ಎದಿಗೆ ಪಿನ್ನು ಹಾಕಿ ಬಿಡೋದು. "ತಿಕ್ಕಬ್ಯಾಡ್ರಿ, ಜಗ್ಗಬ್ಯಾಡ್ರಿ. ತಾನಽ ಕೂಡತದ." ಓಣ್ಯಾಗಿನ ಕೂಸುಗಳಿಗೆಲ್ಲ ಎರದ ಕೈ ನನ್ನವು, ಮಡಿಲಾಗ ಇಟ್ಕೊಂಡು ಕುಂತೆ. ಕೂಸು ಅತ್ರೂ ಆ ತೋಳು ಮುಟ್ಟುವಂಗಿಲ್ಲ.

ಪಿನ್ನು ತಗದ ದಿನ ಕೈ ಹಂಗಽ ಬಿದ್ದಿತ್ತು. ಬೀಗತಿ ಕೂಸಿನ ಮುಂದ ಕೈಯಾನ ಬಳಿ ಸಪ್ಪಳ ಮಾಡಿದ್ಲು. ಬಲಗೈ ಎದ್ದಿತು. ಅದರ ಹಿಂದ, ಎದ್ದಿತಲ್ರೀ ಎಡಗೈ! ನನ್ನ ಮೂಗಿಗೇ ಬಡೀತು.

"ನೀರು ಕಾದಾವ. ನೀನಽ ಎರಿ ಯಕ್ಕಾ" ಅಂತ ಬೀಗತಿ ಚರಗಿ ಹಿಡಿದು ನಿಂತ್ಲು. ಕಾಲು ಚಾಚಿದೆ, ಎಣ್ಣಿ ಹಚ್ಚಿದೆ. ಎಲುಬಿನ ಗಂಟು ಬೆರಳಿಗೆ ಹತ್ತಿತು. ಕೂಸಿನ ಕೈ ಮಾತ್ರ ಕತ್ತರಿ ಹಾಕಲಿಲ್ಲ. ಇವತ್ತಿಗೂ ಹಾಕಿಲ್ಲ.