ಈಶ್ವರಮ್ಮ ಕೇಳಿದ ಪ್ರಶ್ನೆ

ಎಪ್ಪತ್ತೆಂಟನೇ ಇಸವಿಯಲ್ಲಿ ಜಯನಗರದ ನಮ್ಮ ಹವ್ಯಾಸಿ ತಂಡ ಗ್ರೀಸ್ ದೇಶದ ಒಂದು ಹಳೆಯ ದುರಂತ ನಾಟಕವನ್ನು ಕನ್ನಡದಲ್ಲಿ ಆಡಲು ಹೊರಟಿತು. ರಾಣಿಯ ಪಾತ್ರ ನನ್ನದು. ಆಗ ನನಗೆ ಇಪ್ಪತ್ತಾರು ವರ್ಷ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ. ವಾರವೆಲ್ಲ ಬೇರೆಯವರ ಮಾತಿಗೆ ತಂತಿ ಜೋಡಿಸಿ, ಭಾನುವಾರ ಮಧ್ಯಾಹ್ನ ಐದನೇ ಬ್ಲಾಕಿನ ಒಂದು ಸ್ಕೂಲ್ ಹಾಲಿಗೆ ರಿಹರ್ಸಲ್ಲಿಗೆ ಹೋಗುತ್ತಿದ್ದೆ.

ನಾಟಕದ ಮುಖ್ಯ ದೃಶ್ಯ ಇಷ್ಟು. ಹತ್ತು ವರ್ಷ ದೂರದೇಶದಲ್ಲಿ ಯುದ್ಧ ಮಾಡಿ, ಗೆದ್ದು, ರಾಜ ಮನೆಗೆ ಬರುತ್ತಾನೆ. ಅರಮನೆಯ ಬಾಗಿಲಲ್ಲಿ ರಾಣಿ ಕಾಯುತ್ತಿದ್ದಾಳೆ. ಬೆಲೆಬಾಳುವ ಕೆಂಪು ಬಟ್ಟೆ ಹಾಸಿಸಿ, ರಥದಿಂದ ಇಳಿದು ಇದರ ಮೇಲೆ ನಡೆದು ಒಳಗೆ ಬಾ ಎನ್ನುತ್ತಾಳೆ. ರಾಜ ಹಿಂಜರಿಯುತ್ತಾನೆ. ಅವಳು ನಯವಾಗಿ ಮಾತಾಡಿ ಒಪ್ಪಿಸುತ್ತಾಳೆ, ಸ್ನಾನಕ್ಕೆ ಅಣಿ ಮಾಡಿಸುತ್ತಾಳೆ, ಒಳಗೆ ಹೋದ ಮೇಲೆ ಕೊಲ್ಲುತ್ತಾಳೆ. ಬಾಗಿಲಲ್ಲಿ ನಿಂತಷ್ಟು ಹೊತ್ತೂ ಅವಳ ಬಾಯಿಂದ ಒಂದು ಕಹಿ ಮಾತೂ ಬರುವಂತಿಲ್ಲ.

ಅದು ನನಗೆ ಸಾಧ್ಯವಾಗಲೇ ಇಲ್ಲ. ನಾಟಕ ಆಡಿಸುತ್ತಿದ್ದ ಸಂಜೀವಯ್ಯ ಹೈಸ್ಕೂಲಿನ ಗಣಿತದ ಮೇಷ್ಟರು. "ಬರೀ ದ್ವೇಷ ಕಾಣಿಸ್ತಿದೆ ಕಣಮ್ಮ ಕಾತ್ಯಾಯಿನಿ, ಪ್ರೀತಿ ಎಲ್ಲಿ?" ಎನ್ನುತ್ತಿದ್ದರು. ಪ್ರೀತಿ ತಂದುಕೊಂಡು ನಕ್ಕರೆ, "ಈಗ ದ್ವೇಷ ಎಲ್ಲಿ ಹೋಯ್ತು?" ಎನ್ನುತ್ತಿದ್ದರು.

ಕೆಂಪು ಬಟ್ಟೆ ಒದಗಿಸಿದವರು ಯಡಿಯೂರಿನ ಶಾಮಿಯಾನ ಅಂಗಡಿಯ ಯಲ್ಲಯ್ಯ. ತೆಂಗಿನ ಗರಿಯ ಚಪ್ಪರ ಹಾಕುವ ಕಾಲದಿಂದಲೂ ಅದೇ ಕಸುಬಾದ್ದರಿಂದ ಜನ ಅವರನ್ನು ಚಪ್ಪರದ ಯಲ್ಲಯ್ಯ ಎಂದೇ ಕರೆಯುತ್ತಿದ್ದರು. ಅರವತ್ತರ ಹತ್ತಿರದ, ತೆಳ್ಳನೆಯ, ಮಾತು ಕಡಿಮೆಯ ಮನುಷ್ಯ. ಬಟ್ಟೆ ಕೊಟ್ಟು ಹೋಗಲು ಬಂದವರು ಮೊದಲ ದಿನವೇ ಹಾಲಿನ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. ದೃಶ್ಯ ಮುಗಿದ ಮೇಲೆ ನನ್ನ ಹತ್ತಿರ ಬಂದರು.

"ಅಮ್ಮಾ, ಇದು ನಡೆಮಡಿ ತಾನೆ? ನಮ್ ಕಡೆ ದೇವರನ್ನ ಹೊತ್ಕೊಂಡು ಬರೋವಾಗ ಕಾಲಡಿಗೆ ಹಾಸ್ತಾರೆ. ಮನುಷ್ಯನಿಗೆ ಹಾಸೋದುಂಟಾ?"

ಸಂಜೀವಯ್ಯನವರ ಮುಖ ಅರಳಿತು. "ಇಲ್ಲ, ಅಲ್ಲಿಯೂ ಇಲ್ಲ. ದೇವರಿಗೆ ಸಲ್ಲೋದನ್ನ ಅವನ ಕೈಲಿ ತುಳಿಸ್ತಾಳೆ, ಅದಕ್ಕೇ ಅವನು ಹೆದರೋದು."

"ಹಂಗಾದ್ರೆ ಅವಳಿಗೆ ಗಂಡನ ಮೇಲೆ ಸಿಟ್ಟು. ಸಿಟ್ಟಿದ್ದೋಳು ಸ್ನಾನಕ್ಕೆ ನೀರು ಯಾಕೆ ಕಾಯಿಸ್ತಾಳೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಟ್ಟೆ ಮಡಚತೊಡಗಿದರು.

ಮುಂದಿನ ಭಾನುವಾರವೂ ಬಂದರು, ಅದರ ಮುಂದಿನದೂ. ಪ್ರತಿಸಲವೂ ಒಂದು ಪ್ರಶ್ನೆ. ರಾಜ ಯುದ್ಧಕ್ಕೆ ಹೋದಾಗ ಮನೆ ನೋಡಿಕೊಂಡವರು ಯಾರು? ಹತ್ತು ವರ್ಷದಲ್ಲಿ ಒಂದು ಕಾಗದವೂ ಬರೆಯಲಿಲ್ಲವಾ? ಅವಳಿಗೆ ಅವನ ಮೇಲೆ ಆಸೆ ಇನ್ನೂ ಇತ್ತಾ, ಇಲ್ಲವಾ? ಇವರಿಗೆ ಇಷ್ಟೊಂದು ಕುತೂಹಲ ಏಕೆಂದು ನಾವು ನಗುತ್ತಿದ್ದೆವು. ಕೇಳಿದ್ದನ್ನೆಲ್ಲ ಅವರು ಮನೆಗೆ ಹೋಗಿ ಸಾಯಂಕಾಲ ಊಟಕ್ಕೆ ಕೂತಾಗ ಹೆಂಡತಿಗೆ ಹೇಳುತ್ತಿದ್ದರು ಎನ್ನುವುದು ನನಗೆ ಆಮೇಲೆ ಗೊತ್ತಾಯಿತು. ಆ ಹೆಂಡತಿಯೇ ಈಶ್ವರಮ್ಮ.

ಆ ಗಂಡಹೆಂಡಿರನ್ನು ಯಡಿಯೂರು ಕೆರೆಯ ಸುತ್ತಮುತ್ತ ಎಲ್ಲರೂ ಹೊಗಳುವವರೇ. ಒಂದು ದಿನವೂ ಆ ಮನೆಯಿಂದ ಏರಿದ ದನಿ ಕೇಳಿದವರಿಲ್ಲ. ಯಲ್ಲಯ್ಯ ಬರುವ ಹೊತ್ತಿಗೆ ಬಿಸಿನೀರು ಕಾದಿರುತ್ತಿತ್ತು, ಮುದ್ದೆ ಬೆಂದಿರುತ್ತಿತ್ತು. ಅವರು ಹೇಳಿದ್ದಕ್ಕೆ ಈಶ್ವರಮ್ಮ "ಹೂಂ" ಎನ್ನುತ್ತಿದ್ದರು, ಇಲ್ಲವೇ "ಆಗ್ಲಿ" ಎನ್ನುತ್ತಿದ್ದರು. ಹದಿನೆಂಟು ವರ್ಷ ಅವೆರಡೇ ಮಾತು. ಈಗ ದಿಢೀರನೆ ಗಂಡ ಒಂದು ಕಥೆ ತಂದಿದ್ದರು. ಮೂರನೇ ವಾರ ಈಶ್ವರಮ್ಮ ಬಾಯಿಬಿಟ್ಟು, "ಆ ರಾಜ ಅಂಥದ್ದೇನು ಮಾಡಿದ್ದ?" ಎಂದು ಕೇಳಿದರಂತೆ. ಯಲ್ಲಯ್ಯನವರಿಗೂ ಗೊತ್ತಿರಲಿಲ್ಲ. ಕೇಳಿಕೊಂಡು ಬರ್ತೀನಿ ಎಂದರು.

ಮುಂದಿನ ಭಾನುವಾರ ಬಟ್ಟೆಯ ಒಂದು ತುದಿ ನಾನು, ಇನ್ನೊಂದು ಅವರು ಹಿಡಿದು ಮಡಚುತ್ತಿದ್ದಾಗ ಅದನ್ನೇ ಕೇಳಿದರು. ನಾನು ಹೇಳಿದೆ. ಯುದ್ಧಕ್ಕೆ ಹೊರಟ ಹಡಗುಗಳು ಗಾಳಿಯಿಲ್ಲದೆ ನಿಂತುಹೋಗಿದ್ದವು. ದೇವಿಗೆ ನಿನ್ನ ಮಗಳನ್ನು ಬಲಿಕೊಟ್ಟರೆ ಗಾಳಿ ಏಳುತ್ತದೆ ಎಂದು ಕಣಿ ಹೇಳುವವನು ನುಡಿದ. ರಾಜ ಕೊಟ್ಟುಬಿಟ್ಟ.

ಯಲ್ಲಯ್ಯನವರ ಕೈ ನಿಂತಿತು. "ಬೇಕೂಂತ ಮಾಡಿದ್ನಾ?"

"ಬೇರೆ ದಾರಿ ಇಲ್ಲ ಅಂದ್ಕೊಂಡಿದ್ದ."

"ಹೂಂ," ಎಂದರು. ಬಟ್ಟೆಯನ್ನು ಅರ್ಧ ಮಡಚಿದಂತೆಯೇ ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು.

ಅದರ ಮುಂದಿನ ವಾರ ಬಟ್ಟೆಯನ್ನು ಅಂಗಡಿಯ ಆಳು ತಂದ, ಯಲ್ಲಯ್ಯ ಬರಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ಐವತ್ತರ ಒಬ್ಬ ಹೆಂಗಸು ಬಂದು ನಿಂತಳು. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆಲ್ಲ ಒಮ್ಮೆ ಕಣ್ಣಾಡಿಸಿ, "ಇಲ್ಲಿ ರಾಣಿ ಯಾರು?" ಎಂದಳು.

"ನಾನೇ," ಎಂದೆ.

"ನಾನು ಚಪ್ಪರದ ಯಲ್ಲಯ್ಯನ ಮನೆಯೋಳು, ಈಶ್ವರಮ್ಮ. ಆ ರಾಜ ಏನು ಮಾಡಿದ್ದ ಹೇಳಿ ತಾಯಿ. ನಮ್ಮನೆಯವ್ರು ಎಲ್ಲಾ ಹೇಳಿದ್ರು, ಇದೊಂದು ಕೇಳಿದ್ರೆ ಗೊತ್ತಿಲ್ಲ ಅಂತಾರೆ. ಗೊತ್ತಿಲ್ಲದೋರ ಮುಖ ಅಲ್ಲ ಅದು."

ಹೇಳಿದೆ. ಅವರು ಸ್ಕೂಲಿನ ಬೆಂಚಿನ ಮೇಲೆ ಕೂತರು. ನಾನು ಕೇಳದೆಯೇ ತಮ್ಮ ಮಗಳ ವಿಷಯ ಹೇಳಿದರು. ಮುನಿತಾಯಿ ಎಂದು ಹೆಸರು. ಅರವತ್ತನೇ ಇಸವಿಯಲ್ಲಿ ಐದು ವರ್ಷದವಳು. ಬಸವನಗುಡಿಯ ಒಂದು ಮದುವೆಗೆ ಚಪ್ಪರ ಹಾಕಬೇಕಾಗಿದ್ದ ದಿನ ಬೆಳಿಗ್ಗೆ ಮಗುವಿಗೆ ಜ್ವರ ಏರಿ ಮೈ ಸುಡುತ್ತಿತ್ತು. ಮನೆಯಲ್ಲಿದ್ದದ್ದು ಒಂದೇ ಎತ್ತಿನಗಾಡಿ, ಅದರ ತುಂಬ ಚಪ್ಪರದ ಬಿದಿರ ಗಳು ಹೇರಿಯಾಗಿತ್ತು. ಆಸ್ಪತ್ರೆಗೆ ಹೋಗೋಣ ಎಂದು ಈಶ್ವರಮ್ಮ ಗಾಡಿಗೆ ಅಡ್ಡ ನಿಂತರು. "ಗೂಟ ನೆಟ್ಟು ಬಂದ್ಬಿಡ್ತೀನಿ, ಮುಹೂರ್ತದ ಮನೆ, ಮಾತು ಕೊಟ್ಟಿದೀನಿ," ಎಂದು ಯಲ್ಲಯ್ಯ ಹೊರಟರು. ಬಂದಾಗ ಮಧ್ಯಾಹ್ನ ದಾಟಿತ್ತು. ಮಗು ಆಸ್ಪತ್ರೆಯ ದಾರಿಯಲ್ಲೇ ಹೋಯಿತು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ.

ಇಷ್ಟನ್ನೂ ಅಳದೆ ಹೇಳಿ, ಅವರು ನನ್ನನ್ನು ಕೇಳಿದರು: "ಬಂದ ಮೇಲೆ ಆ ರಾಜ ಮಗಳ ಮಾತು ಎತ್ತಿದ್ನಾ?"

ಸಂಜೀವಯ್ಯ ಹಸ್ತಪ್ರತಿ ತಂದರು. ರಾಜನ ಮಾತುಗಳಿದ್ದ ಹಾಳೆಗಳನ್ನು ಇಬ್ಬರೂ ಒಂದೊಂದಾಗಿ ತಿರುವಿದೆವು. ದೇವರುಗಳಿಗೆ ಕೃತಜ್ಞತೆ ಹೇಳುತ್ತಾನೆ, ಯುದ್ಧ ಗೆದ್ದದ್ದು ಹೇಳುತ್ತಾನೆ, ಸೆರೆ ತಂದ ಹೆಂಗಸನ್ನು ಚೆನ್ನಾಗಿ ನೋಡಿಕೊಳ್ಳಿ ಎನ್ನುತ್ತಾನೆ. ಮಗಳ ಸುದ್ದಿ ಎಲ್ಲಿಯೂ ಇಲ್ಲ. ಎರಡು ತಿಂಗಳಿಂದ ಅಭ್ಯಾಸ ಮಾಡುತ್ತಿದ್ದೆವು. ಒಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ.

"ಇಲ್ಲಮ್ಮ," ಎಂದೆ.

"ಒಂದ್ಸಲಾನೂ?"

"ಒಂದ್ಸಲಾನೂ ಇಲ್ಲ."

"ಅಯ್ಯೋ ಪಾಪಿ," ಎಂದರು ಈಶ್ವರಮ್ಮ. "ಅವಳು ಕಾಯ್ತಾ ಇದ್ಲಲ್ಲ!"

ಆ ಸಾಯಂಕಾಲ ಏನಾಯಿತೆಂದು ಅವರೇ ನನಗೆ ಮುಂದೆ ಹೇಳಿದರು. ಮನೆಗೆ ಹೋದಾಗ ಯಲ್ಲಯ್ಯ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. "ಹೋಗಿದ್ದೆ. ಕೇಳ್ಕೊಂಡು ಬಂದೆ," ಎಂದಷ್ಟೇ ಹೇಳಿ ಈಶ್ವರಮ್ಮ ಒಳಗಿನಿಂದ ಕಾಲು ತೊಳೆಯಲು ಚೊಂಬಿನಲ್ಲಿ ನೀರು ತಂದುಕೊಟ್ಟರು. ಯಲ್ಲಯ್ಯ ಎದ್ದು ಚೊಂಬು ಹಿಡಿದುಕೊಂಡು ನಿಂತರು. ಆಮೇಲೆ, "ಮುನಿತಾಯಿ," ಎಂದರು. ಹಿಂದಿಲ್ಲ ಮುಂದಿಲ್ಲ, ಹೆಸರು ಮಾತ್ರ. ಮಗು ಸತ್ತ ದಿನದಿಂದ ಆ ಹೆಸರು ಅವರ ಬಾಯಿಂದ ಬಂದಿರಲಿಲ್ಲ.

ಈಶ್ವರಮ್ಮನ ಮಾತಿನ ಕಟ್ಟೆಯೊಡೆಯಿತು. ಗಂಡನನ್ನು ಎಂದೂ ಏಕವಚನದಲ್ಲಿ ಕರೆಯದವರು ಅಂದು, "ಗೂಟ ನೆಟ್ಟು ಬರ್ತೀನಿ ಅಂದೆಯಲ್ಲ, ಎಷ್ಟು ಗೂಟ ನೆಟ್ಟೆ? ಹೇಳು ನೀನು," ಎಂದು ಕೂಗಿದರು.

"ಇಪ್ಪತ್ನಾಲ್ಕು," ಎಂದರು ಯಲ್ಲಯ್ಯ. "ಹದಿನಾರನೇದು ನೆಡೋವಾಗ ಬಿಟ್ಟು ಬಂದ್ಬಿಡೋಣ ಅನ್ನಿಸ್ತು. ಬರ್ಲಿಲ್ಲ."

ಅಂದು ಆ ಮನೆಯಲ್ಲಿ ಒಲೆ ಹತ್ತಲಿಲ್ಲ. ಈಶ್ವರಮ್ಮ ಬೈದರು, ಚೊಂಬು ಎತ್ತಿ ಅಂಗಳಕ್ಕೆ ಎಸೆದರು, ಗಂಡನ ಅಂಗಿ ಹಿಡಿದು ಎಳೆದಾಡಿದರು. ಯಲ್ಲಯ್ಯ ತಡೆಯಲಿಲ್ಲ, ನೆಪ ಹೇಳಲಿಲ್ಲ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. "ಕೊಂದ್ಬಿಡೋಷ್ಟು ಸಿಟ್ಟು ಬಂದಿತ್ತು ಕಣಮ್ಮ," ಎಂದು ಈಶ್ವರಮ್ಮ ನನಗೆ ಹೇಳಿದರು. "ಅಂಗಿ ಹಿಡಿದು ಎಳೀತೀನಿ, ಒಳಗೆ ಮೂಳೆ ಬಿಟ್ರೆ ಏನೂ ಇಲ್ಲ. ಯಾವಾಗ ಇಷ್ಟು ಸೊರಗಿಹೋದ್ರೋ, ದಿನಾ ಬಡಿಸೋಳು ನಾನು, ನೋಡೇ ಇರ್ಲಿಲ್ಲ."

ಡಿಸೆಂಬರಿನಲ್ಲಿ ನಾಟಕವಾಯಿತು. ಇಬ್ಬರೂ ಬಂದು ಮೂರನೇ ಸಾಲಿನಲ್ಲಿ ಕೂತಿದ್ದರು. ಬಾಗಿಲಿನ ದೃಶ್ಯದಲ್ಲಿ ನಾನು ಪ್ರೀತಿಯನ್ನೂ ತೋರಿಸಲು ಹೋಗಲಿಲ್ಲ, ದ್ವೇಷವನ್ನೂ ತೋರಿಸಲು ಹೋಗಲಿಲ್ಲ. ಒಂದೊಂದು ಮಾತು ಆಡಿ, ಈಗಲಾದರೂ ಮಗಳ ಮಾತು ಎತ್ತುತ್ತಾನಾ ಎಂದು ರಾಜನ ಮುಖ ನೋಡುತ್ತಾ ನಿಂತೆ. ರಾಜನ ಪಾತ್ರ ಬ್ಯಾಂಕಿನ ಮರುಳಸಿದ್ದಪ್ಪನದು. ನಾನು ಮಾತು ಮರೆತೆನೆಂದು ತಿಳಿದು ಅವನು ಗಡ್ಡದೊಳಗಿಂದ ನನ್ನ ಮಾತನ್ನೇ ಪಿಸುಗುಟ್ಟಿದ. ಅವನು ಬಟ್ಟೆಯ ಮೇಲೆ ಕಾಲಿಟ್ಟು ಒಳಗೆ ನಡೆದಾಗ ನನಗೆ ನಿಜವಾಗಿ ಅಳು ಬಂತು.

ಮುಗಿದ ಮೇಲೆ ಈಶ್ವರಮ್ಮ ಬಣ್ಣದ ಕೋಣೆಗೆ ಬಂದರು. "ಚೆನ್ನಾಗಿತ್ತು ತಾಯಿ. ಆದ್ರೆ ಕೊಂದಿದ್ದು ಸರಿ ಹೋಗ್ಲಿಲ್ಲ," ಎಂದರು.

"ಯಾಕಮ್ಮ? ತಪ್ಪು ಮಾಡಿದ್ನಲ್ಲ."

"ಮಾಡಿದ್ದ. ಅವನೂ ಹೋದ್ರೆ ಆ ಮಗೂನ ನೆನಪಿಟ್ಕೊಂಡಿರೋರು ಇನ್ಯಾರಿದಾರೆ? ಯಾರ ಹತ್ರ ಜಗಳ ಆಡ್ತಾಳೆ?"

ಅಂದಿನಿಂದ ಯಲ್ಲಯ್ಯನವರ ಮನೆಯಲ್ಲಿ ಜಗಳ ಶುರುವಾಯಿತು. ಉಪ್ಪಿಗೆ ಜಗಳ, ಬಾಗಿಲು ಮುಚ್ಚದೆ ಹೋದದ್ದಕ್ಕೆ ಜಗಳ, ಅರವತ್ತನೇ ಇಸವಿಯ ಆ ಬೆಳಿಗ್ಗೆಗೆ ಮತ್ತೆ ಮತ್ತೆ ಜಗಳ. ಪಕ್ಕದ ಮನೆಯ ಮಂಗಮ್ಮ ಗಾಬರಿಯಾಗಿ, ಅಷ್ಟು ಅನ್ಯೋನ್ಯವಾಗಿದ್ದವರಿಗೆ ಯಾರ ಕಣ್ಣು ತಾಗಿತೋ ಎಂದು ದೃಷ್ಟಿ ತೆಗೆಯಲು ಮೆಣಸಿನಕಾಯಿ ಹಿಡಿದು ಬಂದಳಂತೆ. ಎಂಟು ವರ್ಷ ಹೀಗೆ ನಡೆಯಿತು. ನಾನು ಹೋದಾಗಲೆಲ್ಲ ಒಬ್ಬರು ಇನ್ನೊಬ್ಬರ ಮೇಲೆ ದೂರು ಹೇಳುವವರೇ.

ಎಂಬತ್ತಾರರಲ್ಲಿ ಯಲ್ಲಯ್ಯ ತೀರಿಕೊಂಡರು. ಈಶ್ವರಮ್ಮ ಅಂಗಡಿ ಮುಚ್ಚಿ ತಲಘಟ್ಟಪುರಕ್ಕೆ, ತಂಗಿಯ ಮನೆಗೆ ಹೋದರು. ಮರುವರ್ಷ ಒಂದು ರಜಾದಿನ ಕನಕಪುರ ರಸ್ತೆಯ ಬಸ್ಸು ಹತ್ತಿ ನೋಡಲು ಹೋದೆ. ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ನನ್ನನ್ನು ಕೂರಿಸಿಕೊಂಡು, ಸೊಗಡಿನ ಕಾಯಿ ನನ್ನ ಮಡಿಲಿಗೂ ಸುರಿದರು. ಯಲ್ಲಯ್ಯನವರ ಕೊನೆಯ ದಿನಗಳ ಬಗ್ಗೆ ಕೇಳಿದೆ.

"ಆಸ್ಪತ್ರೆ ಮಂಚದ ಮೇಲೂ ಹಟ ಬಿಡ್ಲಿಲ್ಲ ಕಣಮ್ಮ," ಎಂದರು, ಇನ್ನೂ ಆರದ ಸಿಟ್ಟಿನಲ್ಲಿ. "ಮುನಿತಾಯಿದು ನಮ್ಮತ್ತೆ ಕಣ್ಣಂತೆ. ಅದು ನಮ್ಮಪ್ಪನ ಕಣ್ಣು. ನೋಡಿದೋರೆಲ್ಲ ಹಂಗೇ ಹೇಳ್ತಿದ್ರು. ಕೊನೇವರೆಗೂ ಒಪ್ಪಲೇ ಇಲ್ಲ ನೋಡು."